ಅತ್ತೆ ನಿಲ್ಲಿಸಿದ ಬಸ್ಸು

ರಸ್ತೆ ದಾಟುವಾಗ ನನ್ನ ಬಲಗೈ ನನ್ನನ್ನು ಕೇಳದೆಯೇ ಮೇಲೇಳುತ್ತದೆ. ಗಾಡಿ ಬರುತ್ತಿರಲಿ, ಬಾರದಿರಲಿ, ತನ್ನ ಪಾಡಿಗೆ ತಾನು ಎದ್ದು, ಬೆರಳುಗಳನ್ನು ಅಗಲಿಸಿಕೊಂಡು ನಿಂತುಬಿಡುತ್ತದೆ. ಮೊನ್ನೆ ಮಧ್ಯಾಹ್ನ ನಮ್ಮ ಬೀದಿಯಲ್ಲಿ ಒಂದು ನಾಯಿಯೂ ಇರಲಿಲ್ಲ. ಎದುರು ಮನೆಯವರಿಗೆ ಮಜ್ಜಿಗೆಹುಳಿ ಕೊಟ್ಟು ಬರೋಣವೆಂದು ಹೊರಟೆ. ಎಡಗೈಯಲ್ಲಿ ಪಾತ್ರೆ, ಬಲಗೈ ಆಕಾಶದಲ್ಲಿ. ಜಗಲಿಯ ಮೇಲೆ ಕುಳಿತಿದ್ದ ಮೊಮ್ಮಗಳು, "ಅಜ್ಜಿ, ಯಾರಿಗೆ ಆಶೀರ್ವಾದ ಮಾಡ್ತಿದೀಯ?" ಎಂದು ಕೇಳಿದಳು. ನಗು ಬಂದು ಹುಳಿ ಅರ್ಧ ಸೆರಗಿನ ಮೇಲೆ ಚೆಲ್ಲಿತು. ಈ ಅಭ್ಯಾಸ ನನ್ನದಲ್ಲ, ನಮ್ಮತ್ತೆಯದು ಎಂದು ಅವಳಿಗೆ ಹೇಳಲು ಹೊರಟರೆ ಒಂದು ಕೋರ್ಟು ಕಥೆಯನ್ನೇ ಹೇಳಬೇಕಾಗುತ್ತದೆ. ಅವಳು ಕೇಳುವ ವಯಸ್ಸಿನವಳಲ್ಲ. ನೀವಾದರೂ ಕೇಳಿ.

ನನಗೆ ರಸ್ತೆ ದಾಟುವುದನ್ನು ಮೊದಲು ಕಲಿಸಿದವರು ತುಮಕೂರಿನ ನಮ್ಮ ಕಾನ್ವೆಂಟಿನ ಸಿಸ್ಟರುಗಳು. ಆಗಿನ್ನೂ ಎಪ್ಪತ್ತರ ದಶಕದ ಶುರು. ಶಾಲೆಯಿಂದ ಮೈದಾನಕ್ಕೆ ಹೋಗುವಾಗ ಇಬ್ಬಿಬ್ಬರ ಸಾಲು, ಜೋಡಿಯವಳ ಕೈ ಹಿಡಿದುಕೊಂಡೇ ನಡೆಯಬೇಕು. ನನ್ನ ಜೋಡಿಯವಳ ಅಂಗೈ ಸದಾ ಬೆವರುತ್ತಿತ್ತು, ಜೊತೆಗೆ ಹುಣಸೆಹಣ್ಣಿನ ಅಂಟು. ಸಾಲಿನ ಮುಂದೆ ಒಬ್ಬ ಸಿಸ್ಟರ್ ಕಪ್ಪು ಕೊಡೆಯನ್ನು ಮಡಿಸಿ ಅಡ್ಡ ಹಿಡಿದು ನಿಲ್ಲುತ್ತಿದ್ದರು. ಬಲಕ್ಕೆ ನೋಡಿ, ಎಡಕ್ಕೆ ನೋಡಿ, ಮತ್ತೆ ಬಲಕ್ಕೆ ನೋಡಿ. ನಾವೆಲ್ಲ ಪ್ರಾರ್ಥನೆಯಷ್ಟೇ ಭಕ್ತಿಯಿಂದ ಕತ್ತು ತಿರುಗಿಸುತ್ತಿದ್ದೆವು. ಬರುತ್ತಿದ್ದದ್ದು ಬಹಳವೆಂದರೆ ಒಂದು ಜಟಕಾ. ಅದರ ಕುದುರೆಯೂ ನಮ್ಮ ಕತ್ತುಗಳ ಕವಾಯತು ನೋಡಲೆಂಬಂತೆ ನಿಂತುಕೊಳ್ಳುತ್ತಿತ್ತು.

ಮದುವೆಯಾದ ಮೇಲೆ ಆ ವಿದ್ಯೆಗೆ ಸ್ವಲ್ಪ ತುಕ್ಕು ಹಿಡಿಯಿತು. ನಮ್ಮವರು ಹಿರೇಹಳ್ಳಿಯ ಕಾರ್ಖಾನೆಯೊಂದರಲ್ಲಿ ಕೆಲಸಕ್ಕಿದ್ದರು. ನಮ್ಮ ಮನೆ ಕುಣಿಗಲ್ ರಸ್ತೆಯ ಪಕ್ಕದ ಬೀದಿಯಲ್ಲಿ. ಭಾನುವಾರ ಸಂಜೆ ಅವರ ಸೈಕಲ್ಲಿನ ಕ್ಯಾರಿಯರ್ ಮೇಲೆ ಒಂದೇ ಕಡೆಗೆ ಕಾಲು ಹಾಕಿ ಕುಳಿತು ನಾನು ಪೇಟೆಗೆ ಹೋಗುವುದು. ಆ ಕಾಲದಲ್ಲಿ ಸೈಕಲ್ಲಿನಲ್ಲಿ ಡಬಲ್ ಹೋದರೆ ಪೊಲೀಸಿನವರು ಹಿಡಿಯುತ್ತಿದ್ದರು, ದೀಪವಿಲ್ಲದಿದ್ದರೆ ಚಕ್ರದ ಗಾಳಿ ಬಿಡುತ್ತಿದ್ದರು. ಅದಕ್ಕೆ ಊರಿನ ಗಂಡಹೆಂಡಿರೆಲ್ಲ ಮಾಡುತ್ತಿದ್ದ ಉಪಾಯವೇ ನಮ್ಮದೂ. ಸರ್ಕಲ್ಲಿಗೆ ಸ್ವಲ್ಪ ಮುಂಚೆ ನಾನು ಇಳಿದು, ಸೆರಗು ಸರಿಮಾಡಿಕೊಂಡು, ಈ ಸೈಕಲ್ಲಿನವರು ಯಾರೋ ಏನೋ ಎನ್ನುವಂತೆ ಪೇದೆಯ ಮುಂದೆ ನಡೆದು ಹೋಗುವುದು. ಸರ್ಕಲ್ ದಾಟಿದ ಮೇಲೆ ಮತ್ತೆ ಹತ್ತುವುದು. ಒಂದು ಸಲ ನಮ್ಮವರು ಮಾತಿನ ಗುಂಗಿನಲ್ಲಿ, ನಾನು ಹತ್ತಿದ್ದೇನೆಂದೇ ತಿಳಿದು ಒಬ್ಬರೇ ಮಾತಾಡಿಕೊಂಡು ಹೋಗಿಬಿಟ್ಟರು. ಪೇದೆಯೇ ನನ್ನನ್ನು ನೋಡಿ, "ಓಡಮ್ಮ ತಾಯಿ, ಯಜಮಾನ್ರು ಹೊಂಟೋದ್ರು" ಎಂದ. ಅವನಿಗೆ ಎಲ್ಲ ಜೋಡಿಗಳ ಕಥೆಯೂ ಗೊತ್ತಿತ್ತು ಅಂತ ಕಾಣುತ್ತದೆ.

ನಮ್ಮತ್ತೆ ಪುಟ್ಟಗೌರಮ್ಮನವರು ಬಂದದ್ದು ನನ್ನ ಮೊದಲ ಬಾಣಂತನಕ್ಕೆ. ಬಂದವರು ಇಲ್ಲಿಯೇ ಉಳಿದರು. ಅವರದು ಗುಬ್ಬಿಯ ಹತ್ತಿರದ ಒಂದು ಹಳ್ಳಿ, ದೊಡ್ಡ ರಸ್ತೆಯ ಅಂಚಿಗೇ. ಆ ಹಳ್ಳಿಗೆ ಬಸ್ ಸ್ಟಾಪು ಅಂತ ಒಂದಿರಲಿಲ್ಲ. ಹೊಲದ ಬದುವಿನ ಮೇಲೆ ನಿಂತು ಕೈ ಎತ್ತಿದರೆ ಬಸ್ಸು ನಿಲ್ಲುತ್ತಿತ್ತು. ಹಾಗಾಗಿ ಬಸ್ಸಿನ ವಿಷಯದಲ್ಲಿ ಅತ್ತೆಗೆ ಗೊತ್ತಿದ್ದದ್ದು ಒಂದೇ ಒಂದು ಸಂಗತಿ. ಕೈ ಎತ್ತಿದರೆ ಅದು ನಿಲ್ಲುತ್ತದೆ. ಹತ್ತುವವರಿಗೆ ಮಾತ್ರ ನಿಲ್ಲುತ್ತದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಕುಣಿಗಲ್ ರಸ್ತೆಯ ಆಚೆ ಒಂದು ಈಶ್ವರನ ಗುಡಿ. ಸಂಜೆ ಗುಡಿಗೆ ಹೋಗದಿದ್ದರೆ ಅತ್ತೆಗೆ ರಾತ್ರಿ ಊಟ ಸೇರುತ್ತಿರಲಿಲ್ಲ. ಬಾಣಂತನ ಮುಗಿದ ಮೇಲೆ ಮೊದಲ ದಿನ ನಾನೇ ಕರೆದುಕೊಂಡು ಹೋದೆ. ರಸ್ತೆಯ ಅಂಚಿನಲ್ಲಿ ನಿಲ್ಲಿಸಿ ಸಿಸ್ಟರುಗಳ ಪಾಠ ಶುರುಮಾಡಿದೆ. "ಬಲಕ್ಕೆ ನೋಡಿ ಅತ್ತೆ. ಈಗ ಎಡಕ್ಕೆ. ಈಗ ಮತ್ತೆ ಬಲಕ್ಕೆ."

"ಹಿಂಗೆ ನೋಡ್ತಾ ಕುಂತ್ರೆ ಮಂಗಳಾರತಿ ಮುಗುದೋಯ್ತದೆ ಕಣಮ್ಮಿ" ಎಂದರು ಅತ್ತೆ. "ನಾವು ಅವುನ್ನ ನೋಡೋದಲ್ಲ. ಅವು ನಮ್ಮುನ್ನ ನೋಡ್ಬೇಕು."

ಹಾಗೆಂದವರೇ ಒಂದು ಹೆಜ್ಜೆ ಮುಂದಿಟ್ಟು ಬಲಗೈ ಎತ್ತಿದರು. ಬರುತ್ತಿದ್ದ ಹಸಿರು ಬಣ್ಣದ ಪ್ರೈವೇಟ್ ಬಸ್ಸು ಕಿರ್ರೆಂದು ನಿಂತಿತು. ಕಂಡಕ್ಟರ್ ಬಾಗಿಲಿಂದ ನೇತಾಡುತ್ತಾ, "ಬನ್ನಿ ಬನ್ನಿ, ಗೂಳೂರು, ಕುಣಿಗಲ್, ಬೇಗ ಹತ್ತಿ" ಎಂದ. ಅತ್ತೆ ಬಸ್ಸಿನ ಮುಂದೆ ನಿಧಾನವಾಗಿ, ನನ್ನ ಕೈ ಹಿಡಿದುಕೊಂಡು, ದಾಟಿದರು. ದಾಟಿದ ಮೇಲೆ ತಿರುಗಿ, "ಹೋಗಪ್ಪ, ಒಳ್ಳೇದಾಗ್ಲಿ" ಎಂದರು. ಕಂಡಕ್ಟರನ ಬಾಯಿಂದ ಸೀಟಿ ಕೆಳಗೆ ಬಿತ್ತು. ನನಗೆ ಮುಖ ಎಲ್ಲಿಡಬೇಕೋ ತಿಳಿಯದೆ ಕೈಯಲ್ಲಿದ್ದ ಹೂವಿನ ಬುಟ್ಟಿಯೊಳಗೆ ಇಟ್ಟುಕೊಂಡೆ.

ಕೆಲವು ತಿಂಗಳು ಕಳೆಯುವಷ್ಟರಲ್ಲಿ ಇದು ಆ ರಸ್ತೆಯ ಒಂದು ವಾಡಿಕೆಯೇ ಆಗಿಹೋಯಿತು. ಹಸಿರು ಬಸ್ಸಿನ ಕಂಡಕ್ಟರ್ ದೂರದಿಂದಲೇ ಕೂಗುತ್ತಿದ್ದ.

"ಏನಜ್ಜಿ, ಇವತ್ತು ಹತ್ತೋದಾ, ದಾಟೋದಾ?"

"ದಾಟೋದು ಕಣೋ. ಹತ್ತಿ ಎಲ್ಲಿಗೋಗ್ಲಿ?"

"ಒಂದಿನಾನಾದ್ರೂ ಟಿಕೆಟ್ ತಗೊಳ್ಳಜ್ಜಿ. ಬ್ರೇಕ್ ಸವೆದೋಗ್ತೈತೆ."

"ಸವೀಲಿ ಬುಡು. ಮನುಷ್ಯರು ಸವೆಯೋಕಿಂತ ವಾಸಿ."

ಅವನು ನಿಲ್ಲಿಸುತ್ತಿದ್ದ. ಆದರೆ ಅದೇ ರಸ್ತೆಯಲ್ಲಿ ಒಂದು ಹಳದಿ ಬಸ್ಸೂ ಓಡುತ್ತಿತ್ತು. ಹಸಿರು ಬಸ್ಸಿಗೂ ಹಳದಿ ಬಸ್ಸಿಗೂ ನಡುವೆ ಕೆಲವೇ ನಿಮಿಷದ ಟೈಮಿಂಗು. ಮುಂದಿನವನು ತಡಮಾಡಿದರೆ ಹಿಂದಿನವನು ಅವನ ಜನರನ್ನೆಲ್ಲ ಬಾಚಿಕೊಳ್ಳುತ್ತಿದ್ದ. ಹಾಗಾಗಿ ಗೂಳೂರಿನವರೆಗೆ ಇಬ್ಬರಿಗೂ ಓಟದ ಪಂದ್ಯ. ಹಾರ್ನ್ ಕೇಳಿಸಿದರೆ ಸಾಕು, ಸೈಕಲ್ಲಿನವರು ಇಳಿದು ಸೈಕಲ್ಲನ್ನು ಹಿಡಿದುಕೊಂಡು ಚರಂಡಿಯ ಅಂಚಿಗೆ ನಿಲ್ಲುತ್ತಿದ್ದರು. ದೊಡ್ಡವರ ಎದುರು ಎದ್ದು ನಿಲ್ಲುವಷ್ಟೇ ಸಹಜವಾಗಿ ಎಲ್ಲರೂ ಹಾಗೆ ಮಾಡುತ್ತಿದ್ದರು.

ಹಾಗೆ ಇಳಿದು ನಿಲ್ಲದಿದ್ದವಳು ನಮ್ಮ ಪಕ್ಕದ ಮನೆಯ ಗಿರಿಜ. ಗೂಳೂರಿನ ಶಾಲೆಯೊಂದರಲ್ಲಿ ಟೀಚರ್ ಆಗಿದ್ದಳು. ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಬಸ್ಸಿನ ಟೈಮಿಗೂ ಶಾಲೆಯ ಟೈಮಿಗೂ ಹೊಂದದೆ, ಹಟ ಮಾಡಿ ಒಂದು ಲೇಡೀಸ್ ಸೈಕಲ್ ಕೊಡಿಸಿಕೊಂಡಿದ್ದಳು. ಸೀರೆ ಸಿಕ್ಕಿಹಾಕಿಕೊಳ್ಳದಂತೆ ಹಿಂದಿನ ಚಕ್ರಕ್ಕೆ ಹಸಿರು, ಕೆಂಪು ನೈಲಾನ್ ಜಾಲರಿ. ಅವಳು ಬೀದಿಯಲ್ಲಿ ಹೋಗುವಾಗ ಆ ಜಾಲರಿ ನವಿಲುಗರಿಯ ಹಾಗೆ ಕಾಣುತ್ತಿತ್ತು. ನನಗೆ ಒಳಗೊಳಗೇ ಹೊಟ್ಟೆಕಿಚ್ಚು. ಕಾನ್ವೆಂಟಿನಲ್ಲಿದ್ದಾಗ ನಾನೂ ಬಾಡಿಗೆ ಸೈಕಲ್ ತಂದು ಕಲಿಯಲು ಹೋಗಿ ಹಿಟ್ಟಿನ ಗಿರಣಿಯ ಒಳಕ್ಕೇ ನುಗ್ಗಿ ಬಿಳಿಯಾಗಿ ಹೊರಗೆ ಬಂದವಳು. ಅಲ್ಲಿಗೆ ನನ್ನ ಸವಾರಿ ಮುಗಿದಿತ್ತು.

ಗಿರಿಜಳ ಅಪ್ಪ ರುದ್ರಪ್ಪನವರು ಮಂಡಿಪೇಟೆಯ ಬಟ್ಟೆ ಅಂಗಡಿಯಲ್ಲಿ ಗುಮಾಸ್ತರು. ಮಾತು ಕಡಿಮೆ. ಮಗಳು ಸೈಕಲ್ ತುಳಿಯುತ್ತಾಳೆಂದು ಬೀದಿಯವರು ಆಡಿಕೊಂಡರೆ ಕೇಳಿಸದವರಂತೆ ಇರುತ್ತಿದ್ದರು. ಆದರೆ ಕೇಳಿಸುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳ ಒಂದು ಸಂಜೆ. ಇನ್ನೂ ಚೆನ್ನಾಗಿ ಬೆಳಕಿತ್ತು. ಅತ್ತೆ ಎಂದಿನಂತೆ ಗುಡಿಗೆ ಹೊರಟು ರಸ್ತೆಯಲ್ಲಿ ಕೈ ಎತ್ತಿದರು. ಹಸಿರು ಬಸ್ಸು ನಿಂತಿತು. ಕಂಡಕ್ಟರ್ ಏನೋ ತಮಾಷೆ ಮಾಡಿದ. ಅದಕ್ಕೆ ಉತ್ತರ ಕೊಡಲೆಂದು ಅತ್ತೆ ಬಸ್ಸಿನ ಮುಂದೆಯೇ ಒಂದು ಗಳಿಗೆ ನಿಂತರು. ನಿಂತದ್ದೇ ಒಳ್ಳೆಯದಾಯಿತು. ಹಿಂದಿನಿಂದ ಬಂದ ಹಳದಿ ಬಸ್ಸು, ಹಸಿರು ಬಸ್ಸು ಜನ ಹತ್ತಿಸಿಕೊಳ್ಳುತ್ತಿದೆ, ಈಗಲೇ ಹಿಂದೆ ಹಾಕೋಣ ಎಂದುಕೊಂಡು ರಸ್ತೆಯ ಬಲ ಅಂಚಿನವರೆಗೂ ಹೋಗಿ ನುಗ್ಗಿತು. ಎದುರಿನಿಂದ ಗಿರಿಜ ಶಾಲೆ ಮುಗಿಸಿಕೊಂಡು, ತನ್ನ ಎಡಕ್ಕೆ ತಾನು ಬರುತ್ತಿದ್ದಳು. ಬಸ್ಸಿನ ಮೂಲೆ ತಾಗಿ ಸೈಕಲ್ಲೊಂದು ಕಡೆ, ಅವಳೊಂದು ಕಡೆ ಬಿದ್ದಳು. ಅತ್ತೆ ಗುಡಿ ಮರೆತು, ಚರಂಡಿಗೆ ಇಳಿದು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತರು. ಹಸಿರು ಬಸ್ಸಿನವರೇ ಜನರನ್ನು ಇಳಿಸಿ ಅವಳನ್ನು ಆಸ್ಪತ್ರೆಗೆ ಕರೆದೊಯ್ದರು. ಅತ್ತೆ ಆ ಬಸ್ಸು ಹತ್ತಿದ್ದು ಅಂದೇ.

ಬಲಗಾಲು ಮುರಿದಿತ್ತು. ಜೀವಕ್ಕೇನೂ ಆಗಿರಲಿಲ್ಲ. ಕಾಲಿಗೆ ಹಿಟ್ಟಿನಂಥ ಬಿಳಿ ಪ್ಲಾಸ್ಟರ್ ಪಟ್ಟಿ ಹಾಕಿಸಿಕೊಂಡು ಮನೆಗೆ ಬಂದಳು. ಬೀದಿಯ ಮಕ್ಕಳೆಲ್ಲ ಅದರ ಮೇಲೆ ಹೂ ಬರೆದರು. ಪೊಲೀಸಿನವರು ಹಳದಿ ಬಸ್ಸಿನ ಡ್ರೈವರ್ ಮೇಲೆ ಕೇಸು ಹಾಕಿದರು. ಅಲ್ಲಿಂದ ಮುಂದೆ ಶುರುವಾಯಿತು ನೋಡಿ ಬೀದಿಯ ನ್ಯಾಯ. ಹೆಣ್ಣುಮಕ್ಕಳಿಗೆ ಸೈಕಲ್ ಯಾಕೆ ಬೇಕಿತ್ತು? ಹಾರ್ನ್ ಕೇಳಿದಾಗ ಇಳಿದು ನಿಲ್ಲಬಾರದಿತ್ತೆ? ಬಸ್ಸನ್ನು ಬೈದವರಿಗಿಂತ ಸೈಕಲ್ಲನ್ನು ಬೈದವರೇ ಹೆಚ್ಚು.

ರುದ್ರಪ್ಪನವರು ಒಂದು ದಿನ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ನಮ್ಮವರಿಗೆ ಹೇಳಿದರು. "ತಪ್ಪು ಇವಳದಲ್ಲ ಅಂತ ಕೋರ್ಟು ಹೇಳ್ಲಿ, ನಾನೇ ಸೈಕಲ್ ರಿಪೇರಿ ಮಾಡಿಸಿ ಕೊಡ್ತೀನಿ. ಇವಳದೇ ಅಂತ ಆದ್ರೆ ಸೈಕಲ್ಲೂ ಬೇಡ, ಗೂಳೂರೂ ಬೇಡ. ಜನರ ಬಾಯಿಗೆ ನಾನು ಉತ್ತರ ಕೊಡಕ್ಕಾಗಲ್ಲ ಸಾರ್." ಕಾಲು ಕೂಡಿದ ಮೇಲೆ ಗಿರಿಜ ಬಸ್ಸಿನಲ್ಲಿ ಶಾಲೆಗೆ ಹೋಗತೊಡಗಿದಳು. ಬಸ್ಸು ಅವಳನ್ನು ಪ್ರಾರ್ಥನೆ ಮುಗಿದ ಮೇಲೆ ಇಳಿಸುತ್ತಿತ್ತು. ಹೀಗೇ ತಡವಾದರೆ ಬೇರೆಯವರನ್ನು ನೋಡಿಕೊಳ್ಳಬೇಕಾಗುತ್ತದೆ ಎಂದು ಹೆಡ್‌ಮಾಸ್ಟರು ಹೇಳಿದ್ದರಂತೆ. ಒಟ್ಟಿನಲ್ಲಿ ಅವಳ ಕೆಲಸ, ಅವಳ ಓಡಾಟ ಎಲ್ಲವೂ ಕೋರ್ಟಿನ ಮಾತಿಗೆ ಕಟ್ಟಿಹಾಕಿಕೊಂಡು ಕೂತಿದ್ದವು. ಆ ಮಾತು ನಿಂತಿದ್ದದ್ದು ಎಲ್ಲವನ್ನೂ ಕಣ್ಣಾರೆ ಕಂಡಿದ್ದ ನಮ್ಮತ್ತೆಯ ಸಾಕ್ಷಿಯ ಮೇಲೆ.

ಹಳದಿ ಬಸ್ಸಿನ ಏಜೆಂಟ್ ಒಬ್ಬ ಬಾಳೆಹಣ್ಣಿನ ಚಿಪ್ಪು ಹಿಡಿದುಕೊಂಡು ನಮ್ಮ ಮನೆಗೆ ಬಂದ. "ಹುಡುಗಿ ರಸ್ತೆ ಮಧ್ಯಕ್ಕೆ ಬಂದ್ಬಿಟ್ಲು ಅಂತ ಒಂದು ಮಾತು ಹೇಳಿ ಸಾಕಮ್ಮ. ನಮ್ ಬಸ್ಸಲ್ಲಿ ಕುಣಿಗಲ್‌ವರೆಗೂ ಯಾವಾಗ ಬೇಕಾದ್ರೂ ಫ್ರೀಯಾಗಿ ಓಡಾಡಬಹುದು."

"ಕುಣಿಗಲ್ಲಾಗೆ ನಂಗೇನಪ್ಪ ಕೆಲ್ಸ?" ಎಂದರು ಅತ್ತೆ. "ನಂಗೆ ರಸ್ತೆ ಆ ಕಡೀಕೋದ್ರೆ ಸಾಕು. ಹಣ್ಣು ತಗಂಡೋಗು, ನಿಮ್ ಡ್ರೈವರ್‌ಗೆ ಕೊಡು. ತಿನ್ನೋ ಹೊತ್ನಾಗಾದ್ರೂ ನಿಧಾನವಾಗಿ ಹೋಗ್ಲಿ."

ನಿಜವಾದ ಪೇಚು ಬೇರೆಯೇ ಇತ್ತು. ಸರ್ಕಾರಿ ವಕೀಲರು ನಮ್ಮವರ ಹತ್ತಿರ ಹೇಳಿದ್ದರು. ಈಕೆ ಸುಮ್ಮನೆ ಬಸ್ಸು ನಿಲ್ಲಿಸಿದ್ದರಿಂದಲೇ ಇಷ್ಟೆಲ್ಲ ಆಯಿತು ಎಂದು ಎದುರು ವಕೀಲರು ಹಿಡಿದುಕೊಳ್ಳುತ್ತಾರೆ ಎಂದು. ಸಾಕ್ಷಿ ಹೇಳುವ ಹಿಂದಿನ ಸಂಜೆ ಅಡುಗೆಮನೆಯಲ್ಲಿ ನಮ್ಮವರು ಗೋಡೆಗೆ ಒರಗಿಕೊಂಡು ಮೆಲ್ಲಗೆ ಶುರುಮಾಡಿದರು.

"ಅಮ್ಮ, ಬಸ್ ಹತ್ತೋಕೆ ಕೈ ಎತ್ತಿದ್ದೆ ಅಂದ್ಬಿಡು. ಅಷ್ಟೇ. ಯಾರಿಗೂ ತೊಂದರೆ ಇಲ್ಲ."

"ಎಲ್ಲಿಗೋಗೋಕೆ ಅಂದ್ರೆ?"

"ಗೂಳೂರಿಗೆ ಅನ್ನು."

"ಗೂಳೂರಿನಾಗೆ ಯಾರವ್ರೆ ಅಂದ್ರೆ?"

"ಯಾರೋ ನೆಂಟರು ಅನ್ನಮ್ಮ."

"ಯಾವ ನೆಂಟರು? ಹೆಸರೇನು? ಅವರ ಮನೇಗೆ ಬರಿಗೈಯಾಗೆ ಹೊಂಟಿದ್ನಾ?" ಎಂದು ಅತ್ತೆ ಲಟ್ಟಣಿಗೆ ಕೆಳಗಿಟ್ಟರು. "ಒಂದು ಸುಳ್ಳಿಗೆ ನೀನು ಒಂದು ಸಂಸಾರಾನೇ ಹುಟ್ಟಿಸ್ತಾ ಇದೀಯ ಕಣೋ. ಅಷ್ಟು ಜನ ನೆಪ್ಪಿಟ್ಕಳಕ್ಕೆ ನನ್ ಕೈಲಾಗಲ್ಲ." ಆಮೇಲೆ ನನ್ನ ಕಡೆ ತಿರುಗಿದರು. "ಅಲ್ಲ ಕಣಮ್ಮಿ, ದಿಟ ಹೇಳಿದ್ರೆ ಆ ಹುಡುಗೀಗೆ ಕೇಡಾಯ್ತದಾ?"

ಚಪಾತಿಯೊಂದು ಹೆಂಚಿನ ಮೇಲೆ ಕರಿದಾಗುವವರೆಗೂ ನಾವು ಮೂವರೂ ಅದನ್ನೇ ನೋಡುತ್ತಾ ನಿಂತಿದ್ದೆವು.

ಕೋರ್ಟಿಗೆ ಹೋಗುವಾಗ ಅತ್ತೆ ಒಂದು ಚೀಲ ಅವರೆಕಾಯಿ ಹಿಡಿದುಕೊಂಡರು. ಕಾಲ ಅದೇ ಅಲ್ಲವೆ, ಕಾಯಿ ಸೊಗಡು ಸೊಗಡಾಗಿತ್ತು. "ಅಲ್ಲಿ ಕಾಯ್ಸ್ತಾರಂತೆ. ಸುಮ್ಕೆ ಯಾಕೆ ಕೂರಾನ" ಎಂದರು. ಕೋರ್ಟಿನ ಜಗಲಿಯ ಕಂಬಕ್ಕೊರಗಿ ಕಾಲು ಚಾಚಿ ಕಾಯಿ ಬಿಡಿಸತೊಡಗಿದರು. ಸ್ವಲ್ಪ ಹೊತ್ತಿಗೆ ಒಬ್ಬ ಪೇದೆಯೂ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕುಳಿತು ಬಿಡಿಸಿದ. ಹಳದಿ ಬಸ್ಸಿನ ಡ್ರೈವರ್ ಎದುರು ಕಂಬದ ಹತ್ತಿರ ಉಗುರು ಕಚ್ಚುತ್ತಾ ನಿಂತಿದ್ದ. ಇನ್ನೂ ಎಳೆಯ ಮುಖ. ಅತ್ತೆ ಅವನನ್ನೂ ಕರೆದು ಒಂದು ಹಿಡಿ ಕಾಯಿ ಕೈಗಿಟ್ಟರು. ಅವನೂ ಬಿಡಿಸಿದ. ರುದ್ರಪ್ಪನವರು ಮಾತ್ರ ಮಗಳ ಪಕ್ಕ ಕೊಡೆಯಂತೆ ನೆಟ್ಟಗೆ ನಿಂತಿದ್ದರು.

ಒಳಗೆ ಕೂಗಿದರು. ಅತ್ತೆ ಸೆರಗಿನಲ್ಲಿದ್ದ ಸಿಪ್ಪೆ ಕೊಡವಿಕೊಂಡು ಕಟಕಟೆ ಹತ್ತಿದರು. ಎದುರು ವಕೀಲರ ಕಪ್ಪು ಗೌನಿಗೆ ಹೆಗಲ ಹತ್ತಿರ ಬಿಳಿ ದಾರದಲ್ಲಿ ಹೊಲಿಗೆ ಹಾಕಿತ್ತು. ಅದನ್ನು ನೋಡಿ ನನಗೆ ಸ್ವಲ್ಪ ಧೈರ್ಯ ಬಂತು.

"ಏನಮ್ಮ, ಅವತ್ತು ನೀವು ಬಸ್ ನಿಲ್ಲಿಸಿದ್ದು ಹತ್ತೋದಕ್ಕೋ?"

ನಮ್ಮವರು ಕಣ್ಣು ಮುಚ್ಚಿಕೊಂಡರು.

"ಅಲ್ಲ ಸ್ವಾಮಿ" ಎಂದರು ಅತ್ತೆ. "ರಸ್ತೆ ದಾಟೋಕೆ."

ಹಿಂದೆ ಕೂತಿದ್ದವರು ಗೊಳ್ಳೆಂದು ನಕ್ಕರು. ವಕೀಲರಿಗೆ ಹಬ್ಬವಾಯಿತು. "ಓಹೋ. ಬಸ್ ಇರೋದು ಹತ್ತೋದಕ್ಕೆ ಅಲ್ವಾ? ದಾಟೋದಕ್ಕೆ ಬಸ್ ನಿಲ್ಲಿಸಬಹುದು ಅಂತ ಯಾವ ಕಾನೂನು ಹೇಳುತ್ತೆ?"

"ಕಾನೂನು ನಿಮಗೆ ಗೊತ್ತಿರಬೇಕು. ನಂಗೊತ್ತಿಲ್ಲ."

"ಹಾಗಾದ್ರೆ ನೀವು ಸುಮ್ಮನೆ ಬಸ್ ನಿಲ್ಲಿಸಿದ್ದರಿಂದಲೇ ಈ ಅಪಘಾತ ಆಯ್ತು ಅಂತ ಒಪ್ತೀರಾ?"

ಅತ್ತೆ ಗಿರಿಜಳ ಕಡೆ ಒಂದು ಸಲ ನೋಡಿದರು. ನಾನು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬೆರಳು ನೀಲಿಯಾಗಿತ್ತು.

"ನಾನು ಕೈ ಎತ್ತಿದ್ದು ಹಸಿರು ಬಸ್ಸಿಗೆ. ಅದು ನಿಂತ್ಕತು. ನಿಂತ ಬಸ್ಸು ಯಾರ ಕಾಲೂ ಮುರೀಲಿಲ್ವಲ್ಲ ಸ್ವಾಮಿ. ಮುರಿದಿದ್ದು ನಿಲ್ದೇ ಇದ್ದ ಬಸ್ಸು. ಅದಕ್ಕೆ ನಾನು ಕೈ ಎತ್ತಿರ್ನಿಲ್ಲ. ಈ ಹುಡುಗಿ ಅವಳ ಪಾಡಿಗೆ ಅವಳು ಅಂಚಿನಾಗೆ ಬತ್ತಿದ್ಲು. ಆ ಅಂಚಿಂದ ಇನ್ನೊಂದು ಗೇಣು ಆ ಕಡೀಕೋಗಿದ್ರೆ ಚರಂಡಿ. ಇನ್ನೆಲ್ಲಿಗೆ ಹೋಗ್ಬೇಕಿತ್ತು ಅವಳು?"

ಯಾರೂ ನಗಲಿಲ್ಲ. ವಕೀಲರು ಕಾಗದ ತಿರುವಿದರು. ಮ್ಯಾಜಿಸ್ಟ್ರೇಟರು ಕನ್ನಡಕ ಮೂಗಿನ ತುದಿಗೆ ತಂದುಕೊಂಡು, "ಅಜ್ಜಿ, ಇನ್ನು ಮೇಲೆ ಹೀಗೆ ಬಸ್ಸು ನಿಲ್ಲಿಸಬಾರದು. ನಿಮ್ಮ ಜೀವಕ್ಕೇ ಅಪಾಯ" ಎಂದರು.

"ಆಯ್ತು ಸ್ವಾಮಿ. ಹಂಗಾರೆ ದಾಟೋದು ಹೆಂಗೆ ಅಂತ ನೀವೇ ಹೇಳ್ಬುಡಿ, ಹಂಗೇ ಮಾಡ್ತೀನಿ."

ಮ್ಯಾಜಿಸ್ಟ್ರೇಟರು ಪೆನ್ನಿನ ಮುಚ್ಚಳ ತೆಗೆದು ಏನನ್ನೋ ಬರೆದುಕೊಂಡು, "ನೀವು ಇಳೀಬಹುದು" ಎಂದರು.

ತೀರ್ಪು ಬರುವ ಹೊತ್ತಿಗೆ ಅವರೆಕಾಯಿಯ ಕಾಲ ಮುಗಿದು ಮಾವಿನಕಾಯಿ ಬಂದಿತ್ತು. ನಿಂತ ಬಸ್ಸನ್ನು ಹಿಂದೆ ಹಾಕುವವನು ಎದುರಿನಿಂದ ಯಾರು ಬರುತ್ತಿದ್ದಾರೆಂದು ನೋಡಿಕೊಳ್ಳಬೇಕು, ಮುಂದಿನ ಬಸ್ಸು ಯಾವ ಕಾರಣಕ್ಕೆ ನಿಂತಿತ್ತು ಎನ್ನುವುದು ಮುಖ್ಯವಲ್ಲ, ಸೈಕಲ್ಲಿನಾಕೆಯ ತಪ್ಪೇನೂ ಇಲ್ಲ ಎಂದು ಮ್ಯಾಜಿಸ್ಟ್ರೇಟರು ಓದಿದರು. ಡ್ರೈವರ್‌ಗೆ ಶಿಕ್ಷೆಯಾಯಿತು. ಹೊರಗೆ ಬಂದು ಅವನು ಗಿರಿಜಳ ಮುಂದೆ ತಲೆ ತಗ್ಗಿಸಿ, "ತಪ್ಪಾಯ್ತು ಕಣಕ್ಕ. ಟೈಮ್ ತಪ್ಪಿದ್ರೆ ಓನರ್ರು ಬಾಯಿಗೆ ಬಂದಂಗೆ ಬಯ್ತಾರೆ" ಎಂದ. ಅತ್ತೆ ಸುತ್ತಲೂ ಹುಡುಕಿ ನೋಡಿ, "ಎಲ್ಲಪ್ಪಾ ಅವನು? ಓಡ್ಸು ಓಡ್ಸು ಅಂದೋನು ಬರ್ನೇ ಇಲ್ವಲ್ಲ ಇಲ್ಲಿಗೆ" ಎಂದರು.

ರುದ್ರಪ್ಪನವರು ಕೋರ್ಟಿನಿಂದ ಮನೆಯವರೆಗೆ ಒಂದು ಮಾತೂ ಆಡಲಿಲ್ಲ. ನಮಗೆಲ್ಲ ಸಣ್ಣ ಅನುಮಾನ. ಕೊಟ್ಟ ಮಾತು ಕೋರ್ಟಿನ ಬಾಗಿಲಲ್ಲೇ ಉಳಿಯಿತೋ ಏನೋ ಎಂದು.

ಮಾರನೆಯ ಬೆಳಿಗ್ಗೆ ನಾನು ಒಲೆಯ ಮೇಲೆ ಹಾಲಿಟ್ಟು ಬಾಗಿಲಿಗೆ ನೀರು ಹಾಕುತ್ತಿದ್ದೆ. ರುದ್ರಪ್ಪನವರು ಗೇಟಿನ ಹತ್ತಿರ ಬಂದು, "ಸರೋಜಮ್ಮ, ಸ್ವಲ್ಪ ಹರಳೆಣ್ಣೆ ಇದ್ರೆ ಕೊಡ್ತೀರಾ" ಎಂದರು. ಯಾರಿಗೋ ಹೊಟ್ಟೆನೋವಿರಬೇಕು ಎಂದುಕೊಂಡು ಲೋಟದಲ್ಲಿ ತಂದುಕೊಟ್ಟೆ. ನೋಡಿದರೆ ಅವರ ಮನೆಯಂಗಳದಲ್ಲಿ ಸೈಕಲ್ಲು ತಲೆಕೆಳಗಾಗಿ ನಿಂತಿತ್ತು. ಮುಂದಿನ ಚಕ್ರ ಹೊಸದು, ಯಾವಾಗ ಹಾಕಿಸಿದರೋ. ಚೈನು ಮಾತ್ರ ಮಳೆಗಾಲದಿಂದ ಬಿಗಿದುಕೊಂಡಿತ್ತು. ಅವರು ಕುಕ್ಕರಗಾಲಲ್ಲಿ ಕುಳಿತು, ಬೆರಳಲ್ಲಿ ಎಣ್ಣೆ ಅದ್ದಿ, ಚೈನಿನ ಒಂದೊಂದೇ ಕೊಂಡಿಗೆ ಹಚ್ಚುತ್ತಿದ್ದರು. ಗಿರಿಜ ಬಾಗಿಲಲ್ಲಿ ಶಾಲೆಯ ಚೀಲ ಹಿಡಿದು ನಿಂತಿದ್ದಳು. ಏನಾದರೂ ಮಾತಾಡಿದರೆ ಅವರು ನಿಲ್ಲಿಸಿಬಿಡುತ್ತಾರೇನೋ ಎಂಬಂತೆ ಉಸಿರು ಹಿಡಿದುಕೊಂಡಿದ್ದಳು.

ಅವಳು ಹೊರಟಳು. ಮೊದಲು ಸ್ವಲ್ಪ ತೂರಾಡಿ, ಆಮೇಲೆ ನೆಟ್ಟಗಾಗಿ, ಬೀದಿಯ ತಿರುವಿನಲ್ಲಿ ಬೆಲ್ಲು ಹೊಡೆದು ಮರೆಯಾದಳು. ರುದ್ರಪ್ಪನವರು ಎದ್ದು ನಿಂತಾಗ ನಾನು ನೋಡಿದೆ. ನೀಲಿ ಹಾಕಿ ಇಸ್ತ್ರಿ ಮಾಡಿದ ಅವರ ಬಿಳಿ ಪಂಚೆಯ ಮೊಣಕಾಲಿನ ಹತ್ತಿರ ಅಂಗೈಯಗಲ ಕಪ್ಪು ಮಸಿ.

"ಅಯ್ಯೋ, ಪಂಚೆ ಬದಲಾಯಿಸ್ಕೊಂಡು ಹೋಗಿ" ಎಂದೆ. "ಅಂಗಡೀಲಿ ಏನಿದು ಅಂತ ಕೇಳ್ತಾರೆ."

ಅವರು ಕಲೆಯನ್ನೊಮ್ಮೆ ನೋಡಿಕೊಂಡರು. ಕೊಡೆ ಕಂಕುಳಿಗೆ ಸೇರಿಸಿ ಚಪ್ಪಲಿ ಮೆಟ್ಟಿಕೊಂಡರು.

"ಕೇಳ್ಲಿ ಬಿಡಮ್ಮ" ಎಂದರು. "ಕೇಳಿದ್ರೆ ಹೇಳಬಹುದಲ್ಲ."